ಎರಡೂವರೆ ಸೆಕೆಂಡಿನ ಪಾಠ

ಚಂದ್ರ ನಮ್ಮಿಂದ ಸರಾಸರಿ 3.84 ಲಕ್ಷ ಕಿ.ಮೀ. ದೂರದಲ್ಲಿದ್ದಾನೆ. ರೇಡಿಯೊ ಅಲೆಯ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಅಂದರೆ ಹೋಗಿ ಬರಲು ಎರಡೂವರೆ ಸೆಕೆಂಡು ಸಾಕು. ಪಿಯುಸಿ ವಿದ್ಯಾರ್ಥಿಯೂ ಬಿಡಿಸುವ ಲೆಕ್ಕವಿದು. ಆದರೆ ಆ ಪ್ರತಿಧ್ವನಿಯನ್ನು ನಿಜಕ್ಕೂ ಹಿಡಿಯುವುದು ಬೇರೆಯೇ ಮಾತು.

1946ರ ಜನವರಿ 10ರಂದು ಅಮೆರಿಕದ ನ್ಯೂಜೆರ್ಸಿಯಲ್ಲಿ ಜಾನ್ ಡಿವಿಟ್ ನೇತೃತ್ವದ ಸೇನಾ ತಂಡ, ಮಾರ್ಪಡಿಸಿದ ರೇಡಾರ್‌ನಿಂದ 111.5 ಮೆಗಾಹರ್ಟ್ಸ್‌ನ ಸಂಕೇತ ಕಳುಹಿಸಿ ಚಂದ್ರನ ಪ್ರತಿಧ್ವನಿಯನ್ನು ಮೊದಲ ಬಾರಿಗೆ ಹಿಡಿಯಿತು. ಫೆಬ್ರುವರಿ 6ರಂದು ಹಂಗೆರಿಯ ಜೋಲ್ಟಾನ್ ಬೇ ತಂಡವೂ ಗೆದ್ದಿತು.

ನನ್ನನ್ನು ಹೆಚ್ಚು ಸೆಳೆದದ್ದು ಈ ಎರಡನೆಯ ತಂಡ. ಅವರದು ಯುದ್ಧದಿಂದ ನಲುಗಿದ ದೇಶ. ಮರಳುವ ಸಂಕೇತವೋ ಗದ್ದಲದಲ್ಲಿ ಮುಳುಗುವಷ್ಟು ಕ್ಷೀಣ. ಬೇ ಅದನ್ನು ಮತ್ತೆ ಮತ್ತೆ ಕಳುಹಿಸಿದರು. ಬಂದದ್ದನ್ನು, ಬಂದ ಹೊತ್ತಿಗೆ ತಕ್ಕಂತೆ, ಬೇರೆ ಬೇರೆ ಕೊಲೊಮೀಟರ್‌ಗಳಲ್ಲಿ ಕೂಡಿಟ್ಟರು. ವಿದ್ಯುತ್ ಹರಿದಷ್ಟು ಅನಿಲ ಸಂಗ್ರಹಿಸುವ ಸರಳ ಸಾಧನವದು. ಗದ್ದಲ ಎಲ್ಲದರಲ್ಲೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಯಿತು. ಪ್ರತಿಧ್ವನಿಯ ಹೊತ್ತಿನದರಲ್ಲಿ ಮಾತ್ರ ಅನಿಲ ಹೆಚ್ಚಿತು. ಹನಿಗೂಡಿದರೆ ಹಳ್ಳ ಎಂಬ ಮಾತು ಇಲ್ಲಿ ಅಕ್ಷರಶಃ ನಿಜವಾಯಿತು.

ನಮ್ಮ ಎಂಜಿನಿಯರಿಂಗ್ ಪ್ರಯೋಗಾಲಯಗಳಲ್ಲಿ ಹಳೆಯ ಉಪಕರಣಗಳ ಕೊರಗು ಇದ್ದದ್ದೇ. ಆ ದೂರು ಸುಳ್ಳಲ್ಲ. ಆದರೆ ಅದಕ್ಕಿಂತ ದೊಡ್ಡ ಕೊರತೆಯೆಂದರೆ ಉತ್ತರ ಮೊದಲೇ ಗೊತ್ತಿರುವುದು. ಸೀನಿಯರ್‌ಗಳ ರೆಕಾರ್ಡ್‌ನಿಂದ ರೀಡಿಂಗ್ ಇಳಿಸಿದರೂ ಅಂಕ ಸಿಗುತ್ತದೆ. ಹೀಗಿದ್ದರೆ ಗದ್ದಲದಿಂದ ಸಂಕೇತವನ್ನು ಬಿಡಿಸುವ ತಾಳ್ಮೆ ಕಲಿಯುವುದೆಲ್ಲಿ?

ಸೆಮಿಸ್ಟರ್‌ಗೆ ಒಂದಾದರೂ ಉತ್ತರ ಗೊತ್ತಿಲ್ಲದ ಪ್ರಯೋಗವನ್ನು ನಮಗೆ ಕೊಡಿ. ಫಲಿತಾಂಶ ತಪ್ಪಿದರೂ ಅಳೆದ ರೀತಿಗೆ ಅಂಕ ಕೊಡಿ. ಇದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ.