ಮುರಿದ ಮೂಗು
ಮೂರನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆ ಸಿಕ್ಕು ಮೂಗು ಕಳೆದುಕೊಂಡವನು ಕಾವಸ್‌ಜಿ, ಆಂಗ್ಲ ಸೈನ್ಯದ ಎತ್ತಿನ ಗಾಡಿಯವನು. ಪುಣೆಯ ಕಡೆಯ ಕುಶಲಿಯೊಬ್ಬನು ಅವನ ಹಣೆಯ ಚರ್ಮವನ್ನೇ ಇಳಿಸಿ ಹೊಸ ಮೂಗು ಕಟ್ಟಿದನು. 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾದ ಆ ವೃತ್ತಾಂತವೇ ಅಲ್ಲಿನ ವೈದ್ಯ ಕಾರ್ಪ್ಯೂಗೆ ದಾರಿ ತೋರಿತು.

ಡೋಣಿಯ ಹೊಲದಲ್ಲಿ ಎತ್ತಿನ ಕೊಂಬು ತಗಲಿ ಮೂಗು ಸೊಟ್ಟಗಾದವನು ಇಂದು ಅಷ್ಟು ಪಾಡು ಪಡಬೇಕಿಲ್ಲ. ಬೇಗನೆ ಗದಗಿಗೆ ಹೋದರಾಯಿತು: ಎರಡು ವಾರದೊಳಗೆ, ಮಕ್ಕಳಿಗಾದರೆ ಒಂದೇ ವಾರದೊಳಗೆ, ಚರ್ಮ ಕೊಯ್ಯದೆಯೇ ಎಲುಬನ್ನು ಕೂಡಿಸಬಹುದು. ತಿಂಗಳುಗಟ್ಟಲೆ ಸುಮ್ಮನಿದ್ದರೆ (ಮದುವೆಯ ಮಾತು ಬಂದಾಗಲೇ ನಮಗೆ ಮೂಗಿನ ನೆನಪು!) ಎಲುಬು ಸೊಟ್ಟಗೇ ಬೆಸೆದಿರುತ್ತದೆ; ಅದನ್ನು ಮತ್ತೆ ಕತ್ತರಿಸಿ, ಕುಸಿದಲ್ಲಿ ಕಿವಿಯ ಇಲ್ಲವೆ ಪಕ್ಕೆಯ ಮೃದ್ವಸ್ಥಿಯನ್ನಿಟ್ಟು ತಿದ್ದಬೇಕಾಗುವುದು. ಪೆಟ್ಟು ಬಿದ್ದ ಮೇಲೆ ಒಳಗೋಡೆ ಊದಿ ಹೊಳ್ಳೆ ಕಟ್ಟಿದರೆ ಮಾತ್ರ ಅಂದೇ ಓಡಬೇಕು. ಅಲ್ಲಿ ನಿಂತ ನೆತ್ತರಿನಿಂದ ಮೂಗೇ ಕುಸಿದೀತು.