ರಾಯಚೂರಿನ ಹೊಟ್ಟೆಬೇನೆಯೂ ಸರಕಾರದ ಹೊಣೆಯೂ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಈ ಎರಡು ಹೊಳೆಗಳ ನಡುವಣ ನೆಲಕ್ಕಾಗಿ ವಿಜಯನಗರದ ಅರಸರೂ ಬಹಮನಿ, ಆದಿಲಶಾಹಿ ಸುಲ್ತಾನರೂ ತಲೆತಲಾಂತರ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯನು ರಾಯಚೂರ ಕೋಟೆಯನ್ನು ಗೆದ್ದ ವೃತ್ತಾಂತವನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಇಂತಹ ನಾಡಿನಲ್ಲಿ ಜನರು ಕುಡಿಯುವ ನೀರಿನಿಂದಲೇ ಬೇನೆ ಬೀಳುತ್ತಿರುವದೂ, ಆ ಬೇನೆಗೆ ಔಷಧದಂಗಡಿಯ ಗುಳಿಗೆಗಳಲ್ಲಿ ಪರಿಹಾರ ಹುಡುಕುತ್ತಿರುವದೂ ನಾಡಿನ ಹಿತಚಿಂತಕರೆಲ್ಲರೂ ವಿಚಾರಿಸಬೇಕಾದ ಸಂಗತಿಯಾಗಿದೆ.

2022ರ ಮೇ ತಿಂಗಳ ಕೊನೆಯಲ್ಲಿಯೂ ಜೂನಿನಲ್ಲಿಯೂ ರಾಯಚೂರು ನಗರದಲ್ಲಿ ನಡೆದುದನ್ನು ವಾಚಕರು ಮರೆತಿರಲಾರರು. ನಲ್ಲಿಯಲ್ಲಿ ಬಂದ ಕಲುಷಿತ ನೀರನ್ನು ಕುಡಿದು ಅನೇಕರು ವಾಂತಿ-ಭೇದಿಯಿಂದ ಆಸ್ಪತ್ರೆ ಸೇರಿದರು. ಕನಿಷ್ಠ ಐದು ಜೀವಗಳು ಹೋದವು. ರಾಂಪುರದ ಶುದ್ಧೀಕರಣ ಘಟಕವನ್ನು ವರ್ಷಗಟ್ಟಲೆ ಸರಿಯಾಗಿ ಸ್ವಚ್ಛಗೊಳಿಸಿರಲಿಲ್ಲವೆಂಬ ಆರೋಪ ಊರೆಲ್ಲ ಕೇಳಿಬಂದಿತು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ತನಿಖೆಗೆ ಆಜ್ಞಾಪಿಸಿ, ಸತ್ತವರ ಕುಟುಂಬಗಳಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಸಾರಿದರು. ಒಂದು ವರ್ಷ ಕಳೆಯುವಷ್ಟರಲ್ಲಿ, 2023ರ ಮೇ ತಿಂಗಳಲ್ಲಿ, ದೇವದುರ್ಗ ತಾಲೂಕಿನ ರೇಕಲಮರಡಿಯಲ್ಲಿ ಅದೇ ಕಥೆ ಪುನರಾವರ್ತನೆಗೊಂಡಿತು. ಅಲ್ಲಿ ಒಂದು ಎಳೆಯ ಕೂಸು ತೀರಿಕೊಂಡಿತು; ಹತ್ತಾರು ಜನರು ಹಾಸಿಗೆ ಹಿಡಿದರು. ಸರಕಾರ ಬದಲಾಗಿತ್ತು, ನೀರು ಬದಲಾಗಿರಲಿಲ್ಲ.

ವಾಂತಿ-ಭೇದಿ ಹತ್ತಿದಾಗ ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ನಡೆಯುವದೇನು? ಮನೆಯವರು ಮೊದಲು ಔಷಧದಂಗಡಿಗೆ ಹೋಗಿ ವಾಂತಿ ನಿಲ್ಲುವ ಗುಳಿಗೆಯನ್ನೂ ಭೇದಿ ಕಟ್ಟುವ ಗುಳಿಗೆಯನ್ನೂ ಕೇಳುತ್ತಾರೆ. ಚೀಟಿ ಇರಲಿ ಬಿಡಲಿ, ಅಂಗಡಿಕಾರನು ನಾಲ್ಕು ಬಣ್ಣದ ನಾಲ್ಕು ಗುಳಿಗೆಗಳನ್ನು ಕಾಗದದಲ್ಲಿ ಸುತ್ತಿ ಕೊಡುತ್ತಾನೆ. ಅದರಿಂದ ಗುಣವಾಗದಿದ್ದರೆ ಸಲೈನು. ಈ ಗುಳಿಗೆಗಳು ಮಾಡುವದೇನು, ಮಾಡಲಾರದ್ದೇನು ಎಂಬುದನ್ನು ನಾವು ಇಲ್ಲಿ ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಭೇದಿ ಕಟ್ಟುವ ಲೋಪೆರಮೈಡ್ ಕರುಳಿನ ಚಲನೆಯನ್ನು ತಡೆಯುವದಷ್ಟೆ. ಒಳಗಿನ ಸೋಂಕನ್ನು ಅದು ಹೊರಹಾಕುವದಿಲ್ಲ. ರಕ್ತಭೇದಿಯಿದ್ದವರಿಗೆ ಅದು ಅಪಾಯಕಾರಿ; ಚಿಕ್ಕ ಮಕ್ಕಳಿಗೆ ಕೊಡತಕ್ಕುದೇ ಅಲ್ಲ. ಓಕರಿಕೆಗೆ ಕೊಡುವ ಮೆಟೊಕ್ಲೊಪ್ರಮೈಡಿನಿಂದ ಮಕ್ಕಳಲ್ಲಿಯೂ ತರುಣರಲ್ಲಿಯೂ ಕೆಲವೊಮ್ಮೆ ಕತ್ತು, ದವಡೆಗಳು ಸೆಟೆದುಕೊಳ್ಳುವವು. ಡೊಂಪೆರಿಡೋನು ಹೃದಯದ ಬಡಿತದ ಕ್ರಮವನ್ನು ಕೆಡಿಸಬಲ್ಲದೆಂದು 2014ರಲ್ಲಿ ಯುರೋಪಿನ ಔಷಧ ನಿಯಂತ್ರಕರು ಅದರ ಬಳಕೆಯನ್ನು ಮಿತಗೊಳಿಸಿದರು. ಒಂಡಾನ್ಸೆಟ್ರಾನಿನ ಒಂದು ಪ್ರಮಾಣವು ವಾಂತಿಯನ್ನು ತಡೆದು ಮಗುವು ನೀರು ಕುಡಿಯುವಂತೆ ಮಾಡಬಹುದು; ಅದರ ಮುಖ್ಯ ಉಪಯೋಗವೂ ಅಷ್ಟೆ. ಆಂಟಿಬಯೋಟಿಕ್ ಔಷಧಗಳು ಕಾಲರಾ, ರಕ್ತಭೇದಿಗಳಂತಹ ಕೆಲವು ಪ್ರಸಂಗಗಳಲ್ಲಿ ವೈದ್ಯರ ನಿರ್ಣಯದ ಮೇರೆಗೆ ಬೇಕಾಗುವವು. ಉಳಿದಲ್ಲೆಲ್ಲ ಅವುಗಳಿಂದ ಹಾನಿಯೇ ಹೆಚ್ಚು. ವಾಂತಿ-ಭೇದಿಯಲ್ಲಿ ಮನುಷ್ಯನು ಬಹುತೇಕ ಸಾಯುವದು ಮೈಯೊಳಗಿನ ನೀರೂ ಲವಣವೂ ಬತ್ತಿದ್ದರಿಂದ. ಈ ಗುಳಿಗೆಗಳಲ್ಲಿ ಒಂದೂ ಆ ನಷ್ಟವನ್ನು ತುಂಬಿಕೊಡುವದಿಲ್ಲ.

ತುಂಬಿಕೊಡುವ ಔಷಧವು ಬೇರೆಯೇ ಇದೆ. ಅದು ಅತ್ಯಂತ ಅಗ್ಗದ್ದು. ಅಗ್ಗದ್ದಾದುದರಿಂದಲೇ ಅದಕ್ಕೆ ಮರ್ಯಾದೆ ಕಡಿಮೆ. ಅದು ಓ.ಆರ್.ಎಸ್. ಎಂಬ ಉಪ್ಪು-ಸಕ್ಕರೆಯ ಪುಡಿ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಸಂಸ್ಥೆಯೂ ನಿಶ್ಚಯಿಸಿದ ಪ್ರಮಾಣದಂತೆ ಒಂದು ಲೀಟರು ನೀರಿಗೆ 13.5 ಗ್ರಾಂ ಗ್ಲೂಕೋಸು, 2.6 ಗ್ರಾಂ ಅಡಿಗೆಯುಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟು ಇರತಕ್ಕದ್ದು. ಗ್ಲೂಕೋಸು ಕರುಳಿನ ಗೋಡೆಯನ್ನು ದಾಟುವಾಗ ಉಪ್ಪನ್ನು ಜೊತೆಗೆ ಒಯ್ಯುವದು. ಉಪ್ಪಿನ ಬೆನ್ನಿಗೆ ನೀರು ಹೋಗುವದು. ಕಾಲರಾದಲ್ಲಿಯೂ ಈ ಮಾರ್ಗವು ಕೆಡುವದಿಲ್ಲ. ಇದರೊಡನೆ ಆರು ತಿಂಗಳು ಮೀರಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ ಸತುವಿನ ಗುಳಿಗೆಯನ್ನು 10ರಿಂದ 14 ದಿನ ಕೊಡಬೇಕು. ಅದಕ್ಕೂ ಚಿಕ್ಕ ಕೂಸಿಗೆ ಅದರರ್ಧ. ಪೊಟ್ಟಣವು ಸಿಗದ ಹೊತ್ತಿನಲ್ಲಿ ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಸಮತಲವಾದ ಆರು ಚಹದ ಚಮಚ ಸಕ್ಕರೆಯನ್ನೂ ಅರ್ಧ ಚಮಚ ಉಪ್ಪನ್ನೂ ಬೆರೆಸಿ ಗುಟುಕು ಗುಟುಕಾಗಿ ಕುಡಿಸಬಹುದು. ಅಳತೆ ಮಾತ್ರ ತಪ್ಪಬಾರದು. ಉಪ್ಪು ಹೆಚ್ಚಾದರೆ ಕೇಡು. ಕಣ್ಣು ಗುಳಿಬಿದ್ದು, ಮಗು ಮಂಕಾಗಿ, ಕುಡಿಯಲೊಲ್ಲದೆ ಹೋದರೆ, ಅಥವಾ ಮಲದಲ್ಲಿ ರಕ್ತ ಕಂಡರೆ, ಒಂದು ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು.

ಈ ಚಿಕಿತ್ಸೆಯನ್ನು ಲೋಕಕ್ಕೆ ಮನಗಾಣಿಸಿದವರಲ್ಲಿ ಭಾರತೀಯರು ಮುಂಚೂಣಿಯಲ್ಲಿದ್ದರೆಂಬುದು ನಾವು ಅಭಿಮಾನಪಡತಕ್ಕ ವಿಷಯ. 1959ರಲ್ಲಿ ಕಲಕತ್ತೆಯ ಶಂಭುನಾಥ ಡೇ ಅವರು ಕಾಲರಾದ ಭೇದಿಗೆ ಒಂದು ವಿಷವೇ ಕಾರಣವೆಂದು ತೋರಿಸಿದರು. 1971ರ ಬಾಂಗ್ಲಾ ಸಮರದ ಕಾಲಕ್ಕೆ ಬಂಗಾಂವದ ನಿರಾಶ್ರಿತರ ಶಿಬಿರದಲ್ಲಿ ಸಲೈನು ತೀರಿಹೋಗಲು, ಡಾ. ದಿಲೀಪ ಮಹಲನಬಿಸರು ಉಪ್ಪು, ಗ್ಲೂಕೋಸು, ಅಡಿಗೆಸೋಡಾಗಳನ್ನು ಡ್ರಮ್ಮುಗಳ ನೀರಿನಲ್ಲಿ ಕರಗಿಸಿ ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಆ ಮಹನೀಯರು 2022ರ ಅಕ್ಟೋಬರಿನಲ್ಲಿ ದಿವಂಗತರಾದರು. 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿ ಘೋಷಿತವಾಯಿತು. ಅವರು ಕಣ್ಮುಚ್ಚಿದ ವರ್ಷದಲ್ಲಿಯೇ ಅವರ ದೇಶದ ಒಂದು ಜಿಲ್ಲಾ ಕೇಂದ್ರದಲ್ಲಿ ಜನರು ವಾಂತಿ-ಭೇದಿಯಿಂದ ಸತ್ತರೆಂಬುದು ನಮ್ಮ ಅಭಿಮಾನಕ್ಕೆ ತಗಲಿದ ಪೆಟ್ಟು.

ಇಂತಹ ಔಷಧದ ಹೆಸರನ್ನೂ ವ್ಯಾಪಾರಿಗಳು ಬಿಡಲಿಲ್ಲ. ಸಕ್ಕರೆ ತುಂಬಿದ ಪಾನೀಯದ ಪೆಟ್ಟಿಗೆಗಳ ಮೇಲೆ ಓ.ಆರ್.ಎಸ್. ಅಕ್ಷರಗಳನ್ನು ಹಚ್ಚಿ ಮಾರಿದರು. ಹಾಗೆ ಮಾಡಲು 2022ರಲ್ಲಿಯೂ 2024ರಲ್ಲಿಯೂ ಎಚ್ಚರಿಕೆಯ ಒಂದು ಸಾಲಿನೊಡನೆ ಅನುಮತಿಯಿತ್ತು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ ಅವರು ವರ್ಷಗಳ ವರೆಗೆ ಹೋರಾಡಿದ ತರುವಾಯ, 2025ರ ಅಕ್ಟೋಬರ್ 14ರಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಮಾನಕ ಪ್ರಾಧಿಕಾರವು ಆ ಅನುಮತಿಗಳನ್ನು ಹಿಂದೆಗೆದುಕೊಂಡಿತು. ಅತಿ ಸಿಹಿಯಾದ ಪಾನೀಯವು ಭೇದಿಯನ್ನು ಹೆಚ್ಚಿಸುವದೇ ಹೊರತು ಇಳಿಸುವದಿಲ್ಲ. ದೆಹಲಿಯ ಆಜ್ಞೆಯು ದೇವದುರ್ಗದ ಬಸ್ ನಿಲ್ದಾಣದ ಅಂಗಡಿಯ ವರೆಗೆ ಮುಟ್ಟಿತೋ ಇಲ್ಲವೋ ಎಂದು ನೋಡುವದು ಜಿಲ್ಲೆಯ ಅಧಿಕಾರಿಗಳ ಕರ್ತವ್ಯ.

ವಾಂತಿ-ಭೇದಿಯ ಮಾತು ಇಷ್ಟಾಯಿತು. ದಿನನಿತ್ಯದ ಹುಳಿತೇಗು, ಎದೆಯುರಿ, ಹೊಟ್ಟೆಶೂಲೆಗಳ ಸ್ಥಿತಿಯೂ ಭಿನ್ನವಾಗಿಲ್ಲ. ಮಾನ್ವಿಯ ಶ್ರೀನಿವಾಸಾಚಾರ್ಯರು ಚೀಕಲಪರ್ವಿಯ ವಿಜಯದಾಸರ ಆಮಂತ್ರಣವನ್ನು ಹೊಟ್ಟೆಬೇನೆಯ ನೆವ ಹೇಳಿ ತಪ್ಪಿಸಿದರೆಂದೂ, ನೆವವೇ ನಿಜವಾಗಿ ಉದರಶೂಲೆಯಿಂದ ಬಳಲಿದರೆಂದೂ, ದೇವದುರ್ಗ ತಾಲೂಕಿನ ಮೊಸರಕಲ್ಲಿನವರಾದ ಗೋಪಾಲದಾಸರು ಧನ್ವಂತರಿಯನ್ನು ಪ್ರಾರ್ಥಿಸಿ ಕೊಟ್ಟ ಜೋಳದ ರೊಟ್ಟಿಯಿಂದ ಗುಣಹೊಂದಿ ಮುಂದೆ ಜಗನ್ನಾಥದಾಸರಾದರೆಂದೂ ಈ ಸೀಮೆಯ ಜನರು ಭಕ್ತಿಯಿಂದ ಹೇಳುತ್ತಾರೆ. ಆ ಕಾಲದಲ್ಲಿ ಶೂಲೆಯ ಮೂಲ ಯಾರಿಗೂ ತಿಳಿದಿರಲಿಲ್ಲ. ಇಂದು ತಿಳಿದಿದೆ. ಹೊಟ್ಟೆಯ ಹುಣ್ಣಿಗೆ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಸೂಕ್ಷ್ಮಾಣುವೂ ನೋವಿನ ಗುಳಿಗೆಗಳ ಅತಿಬಳಕೆಯೂ ಮುಖ್ಯ ಕಾರಣಗಳು. ಆ ಸೂಕ್ಷ್ಮಾಣುವನ್ನು ಕಂಡುಹಿಡಿದ ಆಸ್ಟ್ರೇಲಿಯದ ಮಾರ್ಷಲ್, ವಾರನ್ ಇವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಹೀಗಿದ್ದರೂ ನಮ್ಮವರು ಪರೀಕ್ಷೆ ಮಾಡಿಸದೆ 'ಗ್ಯಾಸ್ ಗುಳಿಗೆ'ಯನ್ನು ವರ್ಷಗಟ್ಟಲೆ ನುಂಗುತ್ತಾರೆ. ಒಮೆಪ್ರಝೋಲ್, ಪ್ಯಾಂಟೊಪ್ರಝೋಲ್‌ಗಳು ಒಳ್ಳೆಯ ಔಷಧಗಳೇ. ಅವು ಆಮ್ಲವನ್ನು ತಗ್ಗಿಸಿ ಹುಣ್ಣು ಮಾಯಲು ಅವಕಾಶ ಕೊಡುವವು. ಆದರೆ ಸೂಕ್ಷ್ಮಾಣುವನ್ನು ತಾವೊಂದೇ ಕೊಲ್ಲಲಾರವು; ಉರಿಯನ್ನು ಮರೆಸಿ ಬೇನೆಯನ್ನು ಬೆಳೆಯಗೊಡಬಹುದು. ಮನೆಮಾತಾಗಿದ್ದ ರಾನಿಟಿಡೀನಿನಲ್ಲಿ ಕ್ಯಾನ್ಸರಿಗೆ ಕಾರಣವಾಗಬಹುದಾದ ಕಲ್ಮಷ ಕಂಡುಬಂದು 2020ರಲ್ಲಿ ಅಮೇರಿಕೆಯು ಅದನ್ನು ಮಾರುಕಟ್ಟೆಯಿಂದ ತೆಗೆಯಿಸಿತು. 2022ರಲ್ಲಿ ಭಾರತವು ತನ್ನ ಅವಶ್ಯಕ ಔಷಧಗಳ ಪಟ್ಟಿಯಿಂದ ಕೈಬಿಟ್ಟಿತು. ನೆಚ್ಚಿದ ಗುಳಿಗೆಯೂ ಪ್ರಶ್ನೆಗೆ ಅತೀತವಲ್ಲ.

ಆದರೆ ಜನರನ್ನಷ್ಟೇ ದೂರುವದು ನಮ್ಮ ಉದ್ದೇಶವಲ್ಲ. ಕೂಲಿ ಬಿಟ್ಟು ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಹೋದರೆ ಆ ದಿನದ ರೊಟ್ಟಿಯೇ ತಪ್ಪುವ ಮನುಷ್ಯನಿಗೆ ಅಂಗಡಿಯ ಗುಳಿಗೆಯೇ ದವಾಖಾನೆ. ಮೂಲ ದೋಷವು ನೀರಿನಲ್ಲಿದೆ. ನಲ್ಲಿಯಲ್ಲಿ ನೀರು ಎಡೆಬಿಡದೆ ಬಾರದೆ ಕೆಲವು ಗಂಟೆ ಮಾತ್ರ ಬರುವಲ್ಲಿ, ನೀರು ನಿಂತೊಡನೆ ಕೊಳವೆಯ ಒತ್ತಡ ಇಳಿದು, ಸೀಳುಗಳ ಮೂಲಕ ಗಟಾರದ ಹೊಲಸು ಒಳಸೇರುವದು. ಮರಳಿ ನೀರು ಬಿಟ್ಟಾಗ ಅದೇ ಮೊದಲ ಕೊಡದಲ್ಲಿ ಮನೆಗೆ ಬರುವದು. ಮಾನ್ವಿ ಕಡೆಯ ಅನೇಕ ಹಳ್ಳಿಗಳು ತುಂಗಭದ್ರಾ ಎಡದಂಡೆ ಕಾಲುವೆ ಹರಿದಾಗ ತುಂಬಿಕೊಂಡ ಕೆರೆಯ ನೀರನ್ನೇ ನೆಚ್ಚಿವೆ; ಬೇಸಿಗೆಯಲ್ಲಿ ಕೆರೆಯ ತಳದ ನೀರು ಎಂತಹದಿರುವದೆಂದು ಹೇಳಬೇಕಾಗಿಲ್ಲ. 2019ರ ಅಗಸ್ಟ್ 15ರಂದು ಸಾರಿದ ಜಲಜೀವನ ಮಿಷನ್ 2024ಕ್ಕೆ ಪ್ರತಿ ಹಳ್ಳಿಮನೆಗೆ ನಲ್ಲಿ ಕೊಡುವದಾಗಿ ಹೇಳಿತ್ತು. ಆ ಅವಧಿಯನ್ನು 2028ರ ವರೆಗೆ ಲಂಬಿಸಲಾಗಿದೆ. ನಲ್ಲಿಗಳ ಸಂಖ್ಯೆಯನ್ನು ಎಣಿಸುವ ಸರಕಾರವು ನಲ್ಲಿಯಲ್ಲಿ ಬರುವ ನೀರಿನ ಗುಣವನ್ನೂ ಎಣಿಸಬೇಡವೇ?

ಆದುದರಿಂದ ನಾವು ನಾಲ್ಕು ಮಾತುಗಳನ್ನು ಅಧಿಕಾರಿವರ್ಗದ ಮುಂದಿಡುತ್ತೇವೆ. ಮೊದಲನೆಯದು, ರಾಯಚೂರು ನಗರದ ಪ್ರತಿ ಬಡಾವಣೆಯಲ್ಲಿಯೂ ಪ್ರತಿ ಗ್ರಾಮದಲ್ಲಿಯೂ ಕೊಳವೆಯ ಕಟ್ಟಕಡೆಯ ನಲ್ಲಿಯ ನೀರಿನಲ್ಲಿ ಕ್ಲೋರಿನು ಲೀಟರಿಗೆ 0.2 ಮಿಲಿಗ್ರಾಮಾದರೂ ಉಳಿದಿದೆಯೇ ಎಂದು ದಿನಾಲು ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಹಲಗೆಯ ಮೇಲೆ ಬರೆಯಬೇಕು. ಎರಡನೆಯದು, ಓ.ಆರ್.ಎಸ್. ಪೊಟ್ಟಣಗಳೂ ಸತುವಿನ ಗುಳಿಗೆಗಳೂ ಆಶಾ ಕಾರ್ಯಕರ್ತೆಯ ಕೈಯಲ್ಲಿ, ಅಂಗನವಾಡಿಯಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ ಬೇಸಿಗೆಗೂ ಮಳೆಗಾಲಕ್ಕೂ ಮೊದಲೇ ಬಿಟ್ಟಿಯಾಗಿ ಇರಬೇಕು. ಮೂರನೆಯದು, ಒಂದು ಓಣಿಯಲ್ಲಿ ಭೇದಿಯ ಗುಳಿಗೆಗಳ ಮಾರಾಟ ಒಮ್ಮೆಲೆ ಏರಿದರೆ ಅಂಗಡಿಕಾರನು ಅದೇ ದಿನ ಆರೋಗ್ಯ ಇಲಾಖೆಗೆ ತಿಳಿಸುವ ಕಟ್ಟಳೆಯಾಗಬೇಕು. ಆಸ್ಪತ್ರೆಯ ಹಾಸಿಗೆಗಳು ತುಂಬುವ ಮೊದಲು ಅವನ ಗಲ್ಲೆಯೇ ಸುದ್ದಿ ಕೊಡಬಲ್ಲದು. ನಾಲ್ಕನೆಯದು, ನೀರಿನಿಂದ ಸಾವು ಸಂಭವಿಸಿದಲ್ಲೆಲ್ಲ ತನಿಖೆಯ ವರದಿಯನ್ನು ಸಾರ್ವಜನಿಕರ ಮುಂದಿಟ್ಟು, ಯಾರ ಹೊಣೆಯೆಂಬುದನ್ನು ಹೆಸರಿಸಬೇಕು.

1948ರ ಸಪ್ಟೆಂಬರ್ 17ರಂದು ಈ ಸೀಮೆಯು ನಿಜಾಮನ ಆಳಿಕೆಯಿಂದ ಬಿಡುಗಡೆ ಹೊಂದಿತು. 1956ರ ನವೆಂಬರ್ 1ರಂದು ಕನ್ನಡ ತಾಯಿಯ ಮಡಿಲು ಸೇರಿತು. 2013ರಲ್ಲಿ ಸಂವಿಧಾನದ 371(ಜೆ) ವಿಧಿಯಿಂದ ವಿಶೇಷ ಸ್ಥಾನ ಪಡೆಯಿತು. 2019ರಲ್ಲಿ ಕಲ್ಯಾಣ ಕರ್ನಾಟಕವೆಂಬ ಹೆಸರನ್ನೂ ಪಡೆಯಿತು. ಹೆಸರಿನಲ್ಲಿ ಬಂದ ಕಲ್ಯಾಣವು ಕೊಡದಲ್ಲಿ ಬರಬೇಕು. 5 ಲಕ್ಷ ರೂಪಾಯಿಯ ಪರಿಹಾರವು ಸತ್ತ ಮೇಲೆ ಬರುವ ಔಷಧ. ಕೆಲವೇ ರೂಪಾಯಿಯ ಪೊಟ್ಟಣವು ಬದುಕಿರುವಾಗ ಬೇಕಾದ ಔಷಧ. ನಿರ್ಮಲವಾದ ನೀರು ಇವೆರಡರ ಗರಜೂ ಬೀಳದಂತೆ ಮಾಡುವ ಔಷಧ. ಮೂರನೆಯದನ್ನು ಯಾವ ಅಂಗಡಿಯೂ ಮಾರುವದಿಲ್ಲ. ಅದನ್ನು ಕೊಡಬೇಕಾದವರು ಸರಕಾರದವರು; ಕೊಡುವ ವರೆಗೆ ಕೇಳುತ್ತಲೇ ಇರಬೇಕಾದವರು ನಾವು.