ಲಾಂಡ್ರಿ ಡ್ರಮ್ಮಿಗೆ ಇಲ್ಲದ ಮೈಲಿಗೆ



ಬೆನ್ನಿಗೊಂದು ಬ್ಯಾಗ್ ಹಾಕ್ಕೊಂಡು ಯುರೋಪು, ಅಮೆರಿಕ, ಥಾಯ್ಲೆಂಡು ಸುತ್ತಿ ಬಂದೋರ ಪೋಸ್ಟುಗಳಲ್ಲಿ ಒಂದು ಅಧ್ಯಾಯ ತಪ್ಪೋದೇ ಇಲ್ಲ. ‘ನನ್ನ ಬಟ್ಟೆ ನಾನೇ ಒಗೆದುಕೊಂಡೆ’ ಅನ್ನೋದು. ಹಾಸ್ಟೆಲ್ಲಿನ ಸಿಂಕಿನಲ್ಲಿ ಶಾಂಪೂ ಹಾಕಿ ಬನಿಯನ್ ತಿಕ್ಕಿದ್ದು, ಟವೆಲ್ಲಿನಲ್ಲಿ ಸುತ್ತಿ ಹಿಂಡಿದ್ದು, ಮಂಚದ ಕಂಬಿಗೆ ಒಣಹಾಕಿದ್ದು, ವಾರಕ್ಕೊಮ್ಮೆ ಚಿಲ್ಲರೆ ಜೋಡಿಸ್ಕೊಂಡು ಲಾಂಡ್ರೋಮ್ಯಾಟ್ ಹುಡುಕಿದ್ದು. ಕೊನೆಗೆ ನೀತಿಪಾಠ: ‘ಅಲ್ಲಿ ನೋಡಿ, ದುಡಿಮೆಗೆ ಎಂಥಾ ಘನತೆ!’

ಒಗೀರಿ, ಒಳ್ಳೇದು. ನನ್ನ ತಕರಾರು ಇರೋದು ಆ ನೀತಿಪಾಠದ ಮೇಲೆ.

ಲಾಂಡ್ರೋಮ್ಯಾಟ್ ಅಂದ್ರೇನು ಅಂತ ಒಮ್ಮೆ ಬಿಡಿಸಿ ನೋಡೋಣ. ಸಾಲಾಗಿ ನಿಂತ ಮೆಷಿನ್‌ಗಳು. ನಾಣ್ಯ ಹಾಕು, ಬಟ್ಟೆ ತುಂಬು, ಬಾಗಿಲು ಮುಚ್ಚು. ನಿಮಗಿಂತ ಮುಂಚೆ ಅದೇ ಡ್ರಮ್ಮಿನಲ್ಲಿ ಯಾರದ್ದೋ ಕಾಲುಚೀಲ, ಯಾರದ್ದೋ ಒಳಉಡುಪು, ಯಾವುದೋ ಮಗುವಿನ ಉಚ್ಚೆ ಬಟ್ಟೆ ತಿರುಗಿರುತ್ತೆ. ಒಗೆತ ಮುಗಿದ್ರೂ ಹಿಂದಿನೋರು ಬಂದಿಲ್ಲ ಅಂದ್ರೆ, ಕಾಯ್ತಾ ಇರೋರು ಆ ಒದ್ದೆ ಬಟ್ಟೇನ ಕೈಯಾರೆ ತೆಗೆದು ಮೇಜಿನ ಮೇಲಿಡ್ತಾರೆ. ಯಾರ ಬಟ್ಟೆ? ಯಾವ ಕುಲ? ಸತ್ತ ಮನೆಯದ್ದಾ, ಮುಟ್ಟಿನದ್ದಾ? ಯಾರೂ ಕೇಳಲ್ಲ. ನಮ್ಮೂರಿಂದ ಹೋದ ಮಡಿವಂತರ ಮಕ್ಕಳೂ ಕೇಳಲ್ಲ. ಡ್ರೈಯರ್‌ನಿಂದ ಬಿಸಿ ಬಟ್ಟೆ ತೆಗೆದು ಮಡಚಿ, ಸೆಲ್ಫಿ ತಗೊಂಡು ಹೊರಡ್ತಾರೆ.

ಈಗ ಊರಿಗೆ ಬನ್ನಿ. ನಮ್ಮ ಭಾಷೆಯಲ್ಲಿ ಒಗೆದ ಬಟ್ಟೆಗೂ ಶುದ್ಧಕ್ಕೂ ಒಂದೇ ಪದ: ಮಡಿ. ಆ ಮಡಿ ಮಾಡಿಕೊಡೋನು ಮಡಿವಾಳ. ಆದ್ರೆ ಅವನು ಕಲ್ಲಿಗೆ ಬಡಿದು, ಒಣಗಿಸಿ, ಗಂಟು ಕಟ್ಟಿ ತಂದುಕೊಟ್ಟ ಬಟ್ಟೆ ಸಂಪ್ರದಾಯಸ್ಥರ ಮನೆಯಲ್ಲಿ ಮಡಿ ಅಲ್ಲ! ಅವನ ಕೈ ಮುಟ್ಟಿದೆಯಲ್ಲ. ಮತ್ತೆ ನೀರಿಗದ್ದಿ, ಮಡಿಕೋಲಲ್ಲಿ ಎತ್ತಿ, ಯಾರೂ ಮುಟ್ಟದ ಎತ್ತರದಲ್ಲಿ ಹರವಬೇಕು. ಕೊಳೆ ತೆಗೆದೋನೇ ಕೊಳೆ. ಇದು ನಮ್ಮ ಸಂಸ್ಕೃತಿಯ ಲೆಕ್ಕ.

ಅದಕ್ಕೂ ಕೆಳಗಿನ ಮೆಟ್ಟಿಲು ನಮ್ಮದು. ಮಡಿವಾಳರು ದಲಿತ ಕೇರಿಯ ಬಟ್ಟೆ ಒಗೆಯೋ ಹಾಗಿಲ್ಲ ಅನ್ನೋದು ಎಷ್ಟೋ ಹಳ್ಳಿಗಳ ಕಟ್ಟಳೆ. ಒಗೆದ್ರೆ ಮೇಲ್ಜಾತಿ ಮನೆಗಳ ಕೆಲಸ ಹೋಯ್ತು, ಸುಗ್ಗಿಯಲ್ಲಿ ಕಣದಲ್ಲಿ ಅಳೆದುಕೊಡೋ ಆಯವೂ ಹೋಯ್ತು. ತಮಿಳುನಾಡಿನಲ್ಲಿ ಪುದಿರೈ ವಣ್ಣಾರ್ ಅಂತ ಒಂದು ಸಮುದಾಯ ಇದೆ. ಅವರ ಪಾಲಿಗೆ ಬಂದದ್ದೇ ದಲಿತರ ಬಟ್ಟೆ ಒಗೆಯೋ ಕೆಲಸ. ಅವರನ್ನ ಕಂಡರೂ ಮೈಲಿಗೆ, ಹಗಲು ಹೊರಗೆ ಬರೋ ಹಾಗಿಲ್ಲ ಅಂತ ತಿರುನೆಲ್ವೇಲಿ ಕಡೆಯಿಂದ ‘ದಿ ಹಿಂದೂ’ ಪತ್ರಿಕೆ 1932ರಲ್ಲೇ ವರದಿ ಮಾಡಿತ್ತು. ಬಾಬಾಸಾಹೇಬರು ಹೇಳಿದ ಶ್ರೇಣೀಕೃತ ಅಸಮಾನತೆ ಅಂದ್ರೆ ಇದೇ: ಒಬ್ಬರ ಮೈಬೆವರನ್ನ ತೊಳೆಯೋಕೂ ಜಾತಿವಾರು ಮೆಟ್ಟಿಲು.

ಹಾಗಾದ್ರೆ ಪ್ರಶ್ನೆ ಇದು. ಎರಡು ಸಾವಿರ ವರ್ಷದ ಮಡಿ, ರಕ್ತದಲ್ಲೇ ಬಂದಿದೆ, ಬಿಡೋದು ಕಷ್ಟ, ಕಾಲ ಬೇಕು ಅಂತೀರಲ್ಲ, ಅದು ಬರ್ಲಿನ್ನಿನಲ್ಲಿ ಒಂದು ನಾಣ್ಯಕ್ಕೆ ಹೇಗೆ ಹೋಯ್ತು? ವಿಮಾನ ಹತ್ತೋವಾಗ ಕಳಚಿಟ್ಟು, ಇಳಿದ ಮೇಲೆ ಮತ್ತೆ ತೊಟ್ಟುಕೊಳ್ಳೋದಾದ್ರೆ ಅದು ನಂಬಿಕೆ ಅಲ್ಲ ಸ್ವಾಮಿ, ಅಂಗಿ. ಬೇಕಾದಾಗ ಬಿಚ್ಚೋಕೆ ಬರುತ್ತೆ ಅಂತ ನೀವೇ ಫೋಟೋ ಸಮೇತ ಸಾಬೀತು ಮಾಡಿದೀರಿ. ಇಲ್ಲಿ ಬಿಚ್ಚಲ್ಲ, ಯಾಕಂದ್ರೆ ಇಲ್ಲಿ ಅದರಿಂದ ಲಾಭ ಇದೆ.

‘ಈಗ ಎಲ್ಲರ ಮನೇಲೂ ವಾಷಿಂಗ್ ಮೆಷಿನ್ ಇದೆ, ಎಲ್ಲಿದೆ ಜಾತಿ?’ ಅಂತ ಕಾಮೆಂಟ್ ಬರುತ್ತೆ ಅಂತ ಗೊತ್ತು. ಸರಿ, ಒಂದೇ ಒಂದು ಪರೀಕ್ಷೆ. ನಿಮ್ಮ ಮನೆ ಬಟ್ಟೆ ಒಗೆಯೋ, ಪಾತ್ರೆ ತೊಳೆಯೋ ಅಕ್ಕನ ಸೀರೆಯನ್ನ ನಿಮ್ಮ ಅಂಗಿಯ ಜೊತೆ ನಿಮ್ಮದೇ ಮೆಷಿನ್‌ಗೆ ಹಾಕ್ತೀರಾ? ಪರದೇಶದಲ್ಲಿ ಪರಿಚಯವೇ ಇಲ್ಲದೋರ ಚಡ್ಡಿ ತಿರುಗಿದ ಡ್ರಮ್ಮಿಗೆ ನಿಮ್ಮ ಬಟ್ಟೆ ಹಾಕಿದ ನಿಮಗೆ, ದಿನಾ ಕಾಣೋ ಆಕೆಯ ಸೀರೆ ಯಾಕೆ ಬೇಡ? ಉತ್ತರ ನನಗೆ ಬೇಡ, ನಿಮ್ಮ ಮೆಷಿನ್‌ಗೆ ಹೇಳಿ.

ಇನ್ನು ‘ಅಲ್ಲಿನ ಘನತೆ’. ಅದು ಅಲ್ಲಿನ ಗಾಳೀಲಿ ಬಂದದ್ದಲ್ಲ, ಮೆಷಿನ್ ಜೊತೆ ಬಂದದ್ದೂ ಅಲ್ಲ. ಅಮೆರಿಕದಲ್ಲಿ ಬಿಳಿಯರ ಬಟ್ಟೆ ಒಗೆದೋರು ಯಾರು ಅಂತ ಓದಿ. 1881ರ ಜುಲೈನಲ್ಲಿ ಅಟ್ಲಾಂಟಾದ ಕಪ್ಪು ಅಗಸಗಿತ್ತಿಯರು 20 ಜನ ಸೇರಿ ಸಂಘ ಕಟ್ಟಿದ್ರು. ಮೂರು ವಾರದಲ್ಲಿ 3,000 ಆದ್ರು. 12 ಪೌಂಡ್ ಬಟ್ಟೆಗೆ ಒಂದು ಡಾಲರ್ ಅಂತ ದರ ಕೇಳಿ ಮುಷ್ಕರ ಹೂಡಿದ್ರು. ಬಂಧಿಸಿದ್ರು, ದಂಡ ಹಾಕಿದ್ರು, ವರ್ಷಕ್ಕೆ 25 ಡಾಲರ್ ಲೈಸೆನ್ಸ್ ಶುಲ್ಕ ಹೇರ್ತೀವಿ ಅಂತ ನಗರಸಭೆ ಹೆದರಿಸ್ತು. ಆ ಹೆಂಗಸರು ಬಗ್ಗಲಿಲ್ಲ. ಶುಲ್ಕ ಕಟ್ತೀವಿ, ಆದ್ರೆ ದರ ನಿಗದಿ ಮಾಡೋರು ನಾವೇ ಅಂತ ಮೇಯರ್‌ಗೇ ಕಾಗದ ಬರೆದ್ರು.

ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಲಾಂಡ್ರಿ ನಡೆಸ್ತಿದ್ದೋರಲ್ಲಿ ಹೆಚ್ಚಿನವರು ಚೀನೀಯರು. ಮರದ ಕಟ್ಟಡದಲ್ಲಿ ಲಾಂಡ್ರಿಗೆ ಅನುಮತಿ ಬೇಕು ಅಂತ 1880ರಲ್ಲಿ ನಿಯಮ ತಂದ್ರು. ಅರ್ಜಿ ಹಾಕಿದ ಸುಮಾರು 200 ಚೀನೀಯರಲ್ಲಿ ಒಬ್ಬರಿಗೂ ಸಿಗಲಿಲ್ಲ, ಬಿಳಿಯರಿಗೆ ಹೆಚ್ಚೂಕಮ್ಮಿ ಎಲ್ಲರಿಗೂ ಸಿಕ್ತು. ಯಿಕ್ ವೋ ಪ್ರಕರಣದಲ್ಲಿ 1886ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಕಾಗದದ ಮೇಲೆ ಕಾನೂನು ಸಮವಾಗಿದ್ರೂ ಜಾರಿಯಲ್ಲಿ ಭೇದ ಮಾಡಿದ್ರೆ ಅದು ತಾರತಮ್ಯವೇ ಅಂತ ತೀರ್ಪು ಕೊಡ್ತು. ಒಗೆಯೋರು ಕೋರ್ಟಿನ ಮೆಟ್ಟಿಲು ಹತ್ತಿ ಗೆದ್ದ ತೀರ್ಪು ಅದು. ನೀವು ನೋಡಿ ಬಂದ ಘನತೆಯ ಹಿಂದೆ ಜೈಲು ಕಂಡ ಹೆಂಗಸರಿದ್ದಾರೆ.

ಇಲ್ಲಿ ಏನಾಗ್ತಿದೆ? ಫೆಬ್ರುವರಿ 1ಕ್ಕೆ ಮಡಿವಾಳ ಮಾಚಿದೇವ ಜಯಂತಿ. ಸರ್ಕಾರ ಫೋಟೋಗೆ ಹಾರ ಹಾಕುತ್ತೆ. 12ನೇ ಶತಮಾನದಲ್ಲಿ ಯಾರ ಬಟ್ಟೆ ಒಗೀಬೇಕು, ಯಾರದ್ದು ಒಗೀಬಾರದು ಅಂತ ತಾನೇ ತೀರ್ಮಾನಿಸಿದ ಶರಣ ಆತ. ಆ ಹಕ್ಕು ಇವತ್ತು ಬೀದಿ ಬದಿ ಇಸ್ತ್ರಿ ಗಾಡಿ ಇಟ್ಟವನಿಗೆ ಇದೆಯಾ? ಥಾಯ್ಲೆಂಡಿನ ಗಲ್ಲಿಯಲ್ಲಿ ಕಿಲೋ ಲೆಕ್ಕದಲ್ಲಿ ಒಗೆದುಕೊಡೋ ಹೆಂಗಸು ಹೇಳಿದಷ್ಟು ಕೊಟ್ಟು ನಗುನಗುತ್ತಾ ಕೈ ಮುಗಿಯೋ ನೀವು, ಇವನ ಹತ್ರ ಅಂಗಿಗೆ ಎರಡು ರೂಪಾಯಿ ಜಾಸ್ತಿ ಆಯ್ತು ಅಂತ ಜಗಳ ಆಡ್ತೀರಿ. ಅದೂ ಏಕವಚನದಲ್ಲಿ.

ಅದಕ್ಕೇ ನೀತಿಪಾಠ ಸಾಕು, ಕೆಲಸ ಹೇಳ್ತೀನಿ ಕೇಳಿ. ಅಲ್ಲಿ ಒಗೆದುಕೊಂಡ ಒಳಉಡುಪನ್ನ ಇಲ್ಲೂ ನೀವೇ ಒಗೀರಿ, ಮನೆಯ ಹೆಂಗಸರ ತಲೆಗೂ ಕಟ್ಟಬೇಡಿ. ಒಗೆಯೋರು, ಇಸ್ತ್ರಿ ಮಾಡೋರು ಹೇಳಿದ ದರ ಕೊಡಿ, ಬಹುವಚನದಲ್ಲಿ ಮಾತಾಡಿ. ಮೆಷಿನ್ ಪರೀಕ್ಷೆಯನ್ನ ನಿಮ್ಮ ಮನೆಯಲ್ಲೇ ಮಾಡಿ.

ನಮ್ಮ ಸಂಗಾತಿಗಳಿಗೆ ಇನ್ನೊಂದು ಮಾತು. ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸೋದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಅಪರಾಧ. ಸಾಮಾಜಿಕ, ಆರ್ಥಿಕ ಬಹಿಷ್ಕಾರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ನಿಮ್ಮೂರಲ್ಲಿ ಕೇರಿ ಬಟ್ಟೆಗೆ ಬೇಲಿ ಇದ್ರೆ ದೂರು ಕೊಡಿ. ಆದ್ರೆ ಅಗಸರ ಅಣ್ಣನೊಬ್ಬನನ್ನೇ ಕಟಕಟೆಗೆ ನಿಲ್ಲಿಸಿ ಸುಮ್ಮನಾಗಬೇಡಿ. ಅವನ ಅನ್ನಕ್ಕೆ ಕೈ ಹಾಕ್ತೀವಿ ಅಂತ ಹೆದರಿಸಿದ ಗೌಡನ ಹೆಸರೂ ದೂರಿನಲ್ಲಿರಲಿ. ಅವನೂ ನಾವೂ ಒಂದೇ ಏಣಿಯ ಕೆಳಗೆ ಸಿಕ್ಕೊಂಡೋರು. ಏಣಿ ಮುರೀಬೇಕು, ಮೆಟ್ಟಿಲಿಗೆ ಬೈದ್ರೆ ಏನೂ ಆಗಲ್ಲ.

ಪ್ರವಾಸ ಹೋಗಿ ಬನ್ನಿ. ಬರುವಾಗ ಲಾಂಡ್ರೋಮ್ಯಾಟ್‌ನ ಫೋಟೋ ಒಂದೇ ಅಲ್ಲ, ಆ ಡ್ರಮ್ಮಿನ ಜಾತಿಗೇಡಿತನವನ್ನೂ ಬ್ಯಾಗಿನಲ್ಲಿ ಹಾಕ್ಕೊಂಡು ಬನ್ನಿ. ಅದಕ್ಕೆ ಕಸ್ಟಮ್ಸ್ ಸುಂಕ ಇಲ್ಲ.

ಜೈ ಭೀಮ್. ಶೇರ್ ಮಾಡಿ.